ಲಾಭ ಕಾಗದದಲ್ಲಿ, ದುಡ್ಡು ಬಾಕಿಯಲ್ಲಿ: ಸಣ್ಣ ಆಸ್ಪತ್ರೆ ಕಂಪನಿಯ ಷೇರನ್ನು ತೂಗಿ ನೋಡುವ ಬಗೆ

ಒಂದೇ ದಿನ ಮೂವರು ಪಿತ್ತಕೋಶದ ಆಪರೇಷನ್ ಮುಗಿಸಿ ಡಿಸ್ಚಾರ್ಜ್ ಆಗಿದ್ದಾರೆ ಎಂದುಕೊಳ್ಳಿ. ಮೊದಲನೆಯವರು ಕೌಂಟರಿನಲ್ಲಿ ಕಾರ್ಡ್ ಉಜ್ಜಿ ಬಿಲ್ ಕಟ್ಟಿ ಹೋದರು. ಎರಡನೆಯವರದು ಇನ್ಶೂರೆನ್ಸ್, ಕ್ಯಾಶ್‌ಲೆಸ್. ಮೂರನೆಯವರದು ಆಯುಷ್ಮಾನ್ ಕಾರ್ಡ್. ಆಸ್ಪತ್ರೆಯ ಪುಸ್ತಕದಲ್ಲಿ ಮೂರೂ ಬಿಲ್ಲುಗಳು ಅಂದೇ ಆದಾಯದ ಲೆಕ್ಕಕ್ಕೆ ಸೇರುತ್ತವೆ. ಬ್ಯಾಂಕಿಗೆ ಬಿದ್ದಿದ್ದು ಮಾತ್ರ ಒಂದೇ ಬಿಲ್ಲಿನ ದುಡ್ಡು. ವಿಮಾ ಕಂಪನಿಯ ಹಣ ಕೆಲವು ವಾರ ಬಿಟ್ಟು ಬರುತ್ತದೆ, ಅದೂ ಅಷ್ಟಿಷ್ಟು ಕತ್ತರಿ ಬಿದ್ದು. ಸರ್ಕಾರಿ ಯೋಜನೆಯದು ಯಾವಾಗ ಬರುತ್ತದೆ, ಎಷ್ಟು ಬರುತ್ತದೆ ಎಂಬುದು ಕ್ಲೇಮ್ ವಿಭಾಗದವರಿಗೂ ಖಚಿತವಿರುವುದಿಲ್ಲ.

ಸಣ್ಣ ಆಸ್ಪತ್ರೆ ಕಂಪನಿಯ ಷೇರು ಕೊಳ್ಳುವವರು ಎಡವುವುದು ಇಲ್ಲೇ. ಷೇರುಪೇಟೆಗೆ ಕಾಣುವುದು ಮೂರೂ ಬಿಲ್ಲುಗಳ ಲಾಭ. ಕಂಪನಿ ನರ್ಸ್‌ಗಳಿಗೆ ಸಂಬಳ ಕೊಡಬೇಕಾದದ್ದು, ಬ್ಯಾಂಕಿಗೆ ಕಂತು ಕಟ್ಟಬೇಕಾದದ್ದು ಕೈಗೆ ಬಂದ ದುಡ್ಡಿನಲ್ಲಿ. ಈ ಎರಡರ ನಡುವಿನ ಅಂತರವನ್ನು ಅಳೆಯುವುದೇ ಈ ಲೇಖನದ ಕೆಲಸ. ಉಳಿದ ಪರೀಕ್ಷೆಗಳೆಲ್ಲ ಇದರ ಸುತ್ತ ಬರುತ್ತವೆ.

ಉದ್ದಕ್ಕೂ ಒಂದು ಮಾದರಿ ಆಸ್ಪತ್ರೆಯನ್ನು ಇಟ್ಟುಕೊಂಡಿದ್ದೇವೆ. ಅಂಕಿಗಳು ಲೆಕ್ಕ ತೋರಿಸಲು ಹಾಕಿದವು, ಯಾವ ಕಂಪನಿಯದೂ ಅಲ್ಲ.

ಹಂತ 1: ಕಾಗದ ಕೂಡಿಸಿ

ಮೊದಲು ಕಂಪನಿ ಎಲ್ಲಿ ನೋಂದಣಿಯಾಗಿದೆ ನೋಡಿ: ಬಿಎಸ್‌ಇ, ಎನ್‌ಎಸ್‌ಇಯ ಮುಖ್ಯ ವೇದಿಕೆಯಲ್ಲೋ, ಅಥವಾ ಸಣ್ಣ-ಮಧ್ಯಮ ಉದ್ಯಮಗಳಿಗೆಂದು 2012ರಲ್ಲಿ ಶುರುವಾದ ಬಿಎಸ್‌ಇ ಎಸ್‌ಎಂಇ, ಎನ್‌ಎಸ್‌ಇ ಎಮರ್ಜ್ ವೇದಿಕೆಗಳಲ್ಲೋ. ಇದು ಬರೀ ವಿಳಾಸದ ಪ್ರಶ್ನೆಯಲ್ಲ. ಮುಖ್ಯ ವೇದಿಕೆಯ ಕಂಪನಿ ಮೂರು ತಿಂಗಳಿಗೊಮ್ಮೆ ಫಲಿತಾಂಶ ಕೊಡಬೇಕು. ಎಸ್‌ಎಂಇಗೆ ಆರು ತಿಂಗಳಿಗೊಮ್ಮೆ ಸಾಕು. ಇನ್ನೊಂದು ವ್ಯತ್ಯಾಸ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಮುಖ್ಯ ವೇದಿಕೆಯ ಕಂಪನಿಗಳು ‘ಇಂಡ್ ಎಎಸ್’ ಎಂಬ ಹೊಸ ಲೆಕ್ಕಪದ್ಧತಿಯಲ್ಲಿ ಬರೆಯುತ್ತವೆ, ಎಸ್‌ಎಂಇ ಕಂಪನಿಗಳಿಗೆ ಹಳೆಯ ಪದ್ಧತಿಯೇ ಸಾಕು. 2019ರ ಏಪ್ರಿಲ್‌ನಿಂದ ಹೊಸ ಪದ್ಧತಿಯಲ್ಲಿ ಕಟ್ಟಡದ ಬಾಡಿಗೆ ಹೆಚ್ಚಿನ ಮಟ್ಟಿಗೆ ಬಾಡಿಗೆಯಾಗಿ ಕಾಣುವುದಿಲ್ಲ. ಸವಕಳಿ ಮತ್ತು ಬಡ್ಡಿಯಾಗಿ ಒಡೆದು ಕೆಳಗಿನ ಸಾಲುಗಳಿಗೆ ಹೋಗುತ್ತದೆ. ವರ್ಷಕ್ಕೆ 3 ಕೋಟಿ ಬಾಡಿಗೆ ಕಟ್ಟುವ ಒಂದೇ ಆಸ್ಪತ್ರೆ ಹಳೆಯ ಪದ್ಧತಿಯಲ್ಲಿ 12 ಕೋಟಿ ಎಬಿಟ್ಡಾ (ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ) ತೋರಿಸಿದರೆ ಹೊಸದರಲ್ಲಿ 15 ಕೋಟಿ ತೋರಿಸುತ್ತದೆ. ಆಸ್ಪತ್ರೆ ಬದಲಾಗಿಲ್ಲ, ಸಾಲು ಬದಲಾಗಿದೆ. ಎರಡು ವೇದಿಕೆಗಳ ಕಂಪನಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವಾಗ ಬಾಡಿಗೆಯನ್ನು ಎರಡರಲ್ಲೂ ಕಳೆದು ನೋಡಿ.

ಬೇಕಾದ ಕಾಗದಗಳು ಇಷ್ಟು: ಕನಿಷ್ಠ ಮೂರು ವರ್ಷದ ವಾರ್ಷಿಕ ವರದಿ, ಐಪಿಒ ಪ್ರಾಸ್ಪೆಕ್ಟಸ್, ಷೇರುದಾರರ ಪಟ್ಟಿ, ಮತ್ತು ಕ್ರಿಸಿಲ್, ಇಕ್ರಾ, ಕೇರ್, ಅಕ್ಯೂಟೆಯಂಥ ರೇಟಿಂಗ್ ಸಂಸ್ಥೆಯ ಟಿಪ್ಪಣಿ. ಕೊನೆಯದು ಪುಕ್ಕಟೆ ಸಿಗುವ ಬಂಗಾರ. ಬ್ಯಾಂಕ್ ಸಾಲಕ್ಕೆ ರೇಟಿಂಗ್ ಪಡೆದ ಕಂಪನಿಯಾದರೆ ಮೂರ್ನಾಲ್ಕು ಪುಟದ ಟಿಪ್ಪಣಿ ಸಂಸ್ಥೆಯ ವೆಬ್‌ಸೈಟಿನಲ್ಲೇ ಇರುತ್ತದೆ. ಹಾಸಿಗೆ ತುಂಬಿದ ಪ್ರಮಾಣ, ಬಾಕಿ ವಸೂಲಾಗಲು ಹಿಡಿವ ದಿನ, ಬ್ಯಾಂಕಿನ ಓವರ್‌ಡ್ರಾಫ್ಟ್ ಮಿತಿಯಲ್ಲಿ ಕಳೆದ ವರ್ಷ ಸರಾಸರಿ ಎಷ್ಟು ಬಳಸಿದ್ದಾರೆ — ಕಂಪನಿಯ ಬಣ್ಣದ ಪ್ರೆಸೆಂಟೇಶನ್‌ನಲ್ಲಿ ಸಿಗದ ಈ ಸಂಗತಿಗಳು ಅಲ್ಲಿ ಬಿಡಿಬಿಡಿಯಾಗಿ ಸಿಗುತ್ತವೆ. ಮಿತಿಯ ಶೇ 95 ಪಾಲು ಸದಾ ಬಳಕೆಯಲ್ಲಿದೆ ಎಂದಿದ್ದರೆ ಆ ಮನೆಯಲ್ಲಿ ಉಸಿರು ಬಿಗಿಹಿಡಿದು ತಿಂಗಳು ದೂಡುತ್ತಿದ್ದಾರೆ ಎಂದರ್ಥ. ರೇಟಿಂಗ್ ಪಕ್ಕ ‘ಇಶ್ಯೂಯರ್ ನಾಟ್ ಕೋಆಪರೇಟಿಂಗ್’ ಎಂದಿದ್ದರೆ, ಕಂಪನಿ ಮಾಹಿತಿ ಕೊಡುವುದನ್ನೇ ನಿಲ್ಲಿಸಿದೆ. ಸಾಲ ಕೊಟ್ಟವರ ಪರ ಕೇಳುವವರಿಗೇ ಉತ್ತರ ಕೊಡದವರು ಸಣ್ಣ ಷೇರುದಾರನಿಗೆ ಕೊಡುತ್ತಾರೆಯೆ?

ಹಂತ 2: ಹಾಸಿಗೆ ಎಣಿಸಿ, ಆದಾಯ ತಾಳೆ ಹಾಕಿ

ಆಸ್ಪತ್ರೆಯ ಆದಾಯವನ್ನು ಕಟ್ಟುವ ಇಟ್ಟಿಗೆಗಳು ಮೂರು: ಎಷ್ಟು ಹಾಸಿಗೆ ನಡೆಯುತ್ತಿವೆ, ಎಷ್ಟು ಪಾಲು ತುಂಬಿವೆ, ತುಂಬಿದ ಒಂದು ಹಾಸಿಗೆ ದಿನಕ್ಕೆ ಎಷ್ಟು ತರುತ್ತದೆ. ಕೊನೆಯದನ್ನು ಈ ರಂಗದವರು ‘ಆರ್ಪಾಬ್’ ಎನ್ನುತ್ತಾರೆ. ನಮ್ಮ ಮಾದರಿ ಆಸ್ಪತ್ರೆಯಲ್ಲಿ 150 ಹಾಸಿಗೆ ನಡೆಯುತ್ತಿವೆ, ಶೇ 60 ತುಂಬಿರುತ್ತವೆ, ಆರ್ಪಾಬ್ 20,000 ರೂಪಾಯಿ. ದಿನಕ್ಕೆ 90 ಹಾಸಿಗೆ, 365 ದಿನಕ್ಕೆ 32,850 ಹಾಸಿಗೆ-ದಿನ. ಗುಣಿಸಿದರೆ 65.7 ಕೋಟಿ. ಕಂಪನಿ ತೋರಿಸಿದ ಆದಾಯ 66 ಕೋಟಿ ಎಂದಾದರೆ ಲೆಕ್ಕ ಕೂಡಿತು. 80 ಕೋಟಿ ಎಂದಿದ್ದರೆ ಮಿಕ್ಕ 14 ಕೋಟಿ ಎಲ್ಲಿಂದ ಬಂತು ಕೇಳಬೇಕು. ‘ಒಪಿಡಿ, ಫಾರ್ಮಸಿ’ ಎಂಬ ಉತ್ತರ ಬಂದರೆ ಇನ್ನೊಂದು ಪ್ರಶ್ನೆ ಹಾಕಿ: ಆರ್ಪಾಬ್ ಲೆಕ್ಕದಲ್ಲಿ ಅವು ಆಗಲೇ ಸೇರಿವೆಯೋ ಇಲ್ಲವೋ? ಹಲವು ಕಂಪನಿಗಳು ಒಟ್ಟು ಆದಾಯವನ್ನೇ ಹಾಸಿಗೆ-ದಿನದಿಂದ ಭಾಗಿಸುತ್ತವೆ. ಆಗ ಒಪಿಡಿಯನ್ನು ಎರಡನೇ ಸಲ ಕೂಡಿಸುವ ಹಾಗಿಲ್ಲ.

ತುಂಬಿದ ಪ್ರಮಾಣದಲ್ಲೂ ಒಂದು ಕೈಚಳಕ ಇದೆ. ಕಟ್ಟಡದಲ್ಲಿ 220 ಹಾಸಿಗೆಗೆ ಜಾಗವಿದ್ದು, 150 ಮಾತ್ರ ನಡೆಯುತ್ತಿದ್ದರೆ, 90 ತುಂಬಿದ್ದು 150ರಲ್ಲಿ ಶೇ 60. 220ರಲ್ಲಿ ಶೇ 41. ಹೂಡಿಕೆಯಾದ ದುಡ್ಡು, ಬ್ಯಾಂಕ್ ಸಾಲ, ಲಿಫ್ಟು, ಜನರೇಟರು ಎಲ್ಲ 220ರ ಲೆಕ್ಕದಲ್ಲಿ. ಪ್ರೆಸೆಂಟೇಶನ್ ಮಾತ್ರ 60 ಎನ್ನುತ್ತದೆ. ಕಳೆದ ವರ್ಷ ಭಾಗಿಸಿದ ಸಂಖ್ಯೆ ಯಾವುದು, ಈ ವರ್ಷ ಯಾವುದು ಎಂದು ಅಡಿಟಿಪ್ಪಣಿಯಲ್ಲಿ ಹುಡುಕಿ.

ಹಾಸಿಗೆಯ ಸಂಖ್ಯೆಯೇ ಅನುಮಾನವಾದರೆ? ಅದಕ್ಕೂ ಒಂದು ದಾರಿ ಇದೆ, ಕಸದ ಬುಟ್ಟಿಯ ದಾರಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಪ್ರತಿ ಆಸ್ಪತ್ರೆ ಜೂನ್ 30ರೊಳಗೆ ಹಿಂದಿನ ವರ್ಷದ ವಾರ್ಷಿಕ ವರದಿಯನ್ನು ‘ಫಾರ್ಮ್ 4’ರಲ್ಲಿ ಸಲ್ಲಿಸಬೇಕು, ತನ್ನ ವೆಬ್‌ಸೈಟಿನಲ್ಲೂ ಹಾಕಬೇಕು. ಅದರಲ್ಲಿ ಹಾಸಿಗೆಗಳ ಸಂಖ್ಯೆ, ಹಳದಿ-ಕೆಂಪು-ಬಿಳಿ-ನೀಲಿ ಬಣ್ಣವಾರು ತ್ಯಾಜ್ಯದ ತೂಕ ಇರುತ್ತದೆ. ಹೂಡಿಕೆದಾರರಿಗೆಂದು ಬರೆದ ಕಾಗದ ಅಲ್ಲವಾದ್ದರಿಂದ ಅದಕ್ಕೆ ಯಾರೂ ಬಣ್ಣ ಬಳಿಯುವುದಿಲ್ಲ. ರೋಗಿಗಳು ಶೇ 30 ಹೆಚ್ಚಾದರು ಎನ್ನುವ ವರ್ಷದಲ್ಲಿ ತ್ಯಾಜ್ಯದ ತೂಕ ಕದಲದೆ ಕೂತಿದ್ದರೆ ವಿವರಣೆ ಕೇಳುವುದು ನ್ಯಾಯ.

ಆಸ್ಪತ್ರೆ ಹತ್ತಿರದ್ದಾದರೆ ಸೋಮವಾರ ಬೆಳಗ್ಗೆ ಹತ್ತಕ್ಕೆ ಒಮ್ಮೆ ಹೋಗಿ ಕೂತು ಬನ್ನಿ. ಕರ್ನಾಟಕದಲ್ಲಾದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಕೊಟ್ಟ ನೋಂದಣಿ ಪತ್ರ, ದರಪಟ್ಟಿ ಗೋಡೆಯ ಮೇಲಿರಬೇಕು. ಫಾರ್ಮಸಿ ಬಿಲ್ಲಿನ ತಲೆಬರಹದಲ್ಲಿ ಯಾರ ಹೆಸರಿದೆ ಓದಿ; ಯಾಕೆಂದು ಮುಂದೆ ಹೇಳುತ್ತೇವೆ.

ಹಂತ 3: ಬಾಕಿಯ ಗಂಟು ಬಿಚ್ಚಿ

ಈ ಹಂತಕ್ಕೆ ಒಂದು ಸಂಜೆ ಪೂರ್ತಿ ಕೊಡಿ.

ಆದಾಯ ಯಾರ ಕೈಯಿಂದ ಬರುತ್ತದೆ ಎಂಬ ಪಾಲು ಮೊದಲು ಬೇಕು: ಕೈಯಿಂದ ಕಟ್ಟುವವರು ಎಷ್ಟು, ವಿಮೆ ಮತ್ತು ಟಿಪಿಎ (ವಿಮಾ ಕಂಪನಿಯ ಪರ ಕ್ಲೇಮ್ ನೋಡುವ ಮಧ್ಯವರ್ತಿ) ಎಷ್ಟು, ಸರ್ಕಾರಿ ಯೋಜನೆ ಎಷ್ಟು. ಆಯುಷ್ಮಾನ್ ಭಾರತ್ ಜೊತೆಗೆ ಸಿಜಿಎಚ್‌ಎಸ್ (ಕೇಂದ್ರ ಸರ್ಕಾರಿ ನೌಕರರದು), ಇಸಿಎಚ್‌ಎಸ್ (ನಿವೃತ್ತ ಸೈನಿಕರದು), ಇಎಸ್‌ಐ (ಕಾರ್ಮಿಕರದು), ರೈಲ್ವೆ ಎಲ್ಲ ಸರ್ಕಾರಿ ಪಾಲಿಗೇ ಸೇರುತ್ತವೆ. ಆಯುಷ್ಮಾನ್ ನಿಯಮದಲ್ಲಿ ರಾಜ್ಯದೊಳಗಿನ ಕ್ಲೇಮಿಗೆ 15 ದಿನ, ಹೊರರಾಜ್ಯದ ರೋಗಿಯದಕ್ಕೆ 30 ದಿನದ ಗಡುವು ಬರೆದಿದೆ. ನಿಯಮ ಹಾಗಿದೆ, ದುಡ್ಡು ಹೊರಡುವುದು ಖಜಾನೆಯಲ್ಲಿ ಅನುದಾನ ಇದ್ದಾಗ. ಇತ್ತ 2024ರಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ, ಡಿಸ್ಚಾರ್ಜ್ ಕೋರಿಕೆ ಬಂದ ಮೂರು ಗಂಟೆಯೊಳಗೆ ಕ್ಯಾಶ್‌ಲೆಸ್ ಅಂತಿಮ ಒಪ್ಪಿಗೆ ಕೊಡಬೇಕೆಂದಿತು. ಇದು ರೋಗಿ ಮನೆಗೆ ಹೋಗಲು ಸಿಗುವ ಒಪ್ಪಿಗೆ, ಆಸ್ಪತ್ರೆಗೆ ಹಣ ಸಂದಾಯವಲ್ಲ. ಎರಡನ್ನೂ ಒಂದೇ ಎಂದುಕೊಂಡು ‘ಇನ್ನು ವಸೂಲಾತಿ ಸಲೀಸು’ ಎನ್ನುವವರನ್ನು ನಂಬಬೇಡಿ.

ಈಗ ಬ್ಯಾಲೆನ್ಸ್ ಶೀಟಿನಲ್ಲಿ ‘ಟ್ರೇಡ್ ರಿಸೀವಬಲ್ಸ್’ (ಬರಬೇಕಾದ ಬಾಕಿ) ಸಾಲಿಗೆ ಬನ್ನಿ. ನಮ್ಮ ಮಾದರಿಯಲ್ಲಿ ಕಳೆದ ವರ್ಷ ಆದಾಯ 54 ಕೋಟಿ, ಬಾಕಿ 12 ಕೋಟಿ. ಬಾಕಿಯನ್ನು ಆದಾಯದಿಂದ ಭಾಗಿಸಿ 365ರಿಂದ ಗುಣಿಸಿದರೆ 81 ದಿನ. ಈ ವರ್ಷ ಆದಾಯ 66, ಬಾಕಿ 21. ಅಂದರೆ 116 ದಿನ. ಆದಾಯ ಶೇ 22 ಬೆಳೆಯಿತು ಎಂದು ಪತ್ರಿಕಾ ಪ್ರಕಟಣೆ ಹೇಳುತ್ತದೆ. ಬೆಳೆದ 12 ಕೋಟಿಯಲ್ಲಿ 9 ಕೋಟಿ ಇನ್ನೂ ಬಂದಿಲ್ಲ ಎಂಬುದನ್ನು ಯಾವ ಪ್ರಕಟಣೆಯೂ ಹೇಳುವುದಿಲ್ಲ.

ಆ 21 ಕೋಟಿಯ ವಯಸ್ಸು ನೋಡಿ. 2021ರ ತಿದ್ದುಪಡಿಯ ನಂತರ ಪ್ರತಿ ಕಂಪನಿ ಬಾಕಿಯನ್ನು ಆರು ತಿಂಗಳೊಳಗಿನದು, ಆರು ತಿಂಗಳಿಂದ ಒಂದು ವರ್ಷ, ಒಂದರಿಂದ ಎರಡು, ಎರಡರಿಂದ ಮೂರು, ಮೂರಕ್ಕಿಂತ ಹಳೆಯದು ಎಂದು ಕೋಷ್ಟಕ ಮಾಡಿ ಕೊಡಲೇಬೇಕು. ಈ ವರ್ಷದ ಮತ್ತು ಹೋದ ವರ್ಷದ ಕೋಷ್ಟಕ ಎರಡೂ ಪಕ್ಕಪಕ್ಕ ಇರುತ್ತವೆ. ಹೋದ ವರ್ಷ ‘ಆರು ತಿಂಗಳಿಂದ ಒಂದು ವರ್ಷ’ದ ಮನೆಯಲ್ಲಿದ್ದ ಮೊತ್ತ ಈ ವರ್ಷ ‘ಒಂದರಿಂದ ಎರಡು’ರ ಮನೆಗೆ ಹಾಗೇ ಜರುಗಿದೆಯೆ? ಜರುಗಿದ್ದರೆ ಅದು ನಿಧಾನವಾಗಿ ಬರುವ ದುಡ್ಡಲ್ಲ, ಬಹುಪಾಲು ತಿರಸ್ಕೃತ ಕ್ಲೇಮು. ಸಹಿ ಇಲ್ಲ, ಪೂರ್ವಾನುಮತಿಯ ಪ್ಯಾಕೇಜ್ ಒಂದು ಮಾಡಿದ ಶಸ್ತ್ರಚಿಕಿತ್ಸೆ ಇನ್ನೊಂದು, ಡಿಸ್ಚಾರ್ಜ್ ಫೋಟೊ ಹಾಕಿಲ್ಲ — ಇಂಥ ಕಾರಣಕ್ಕೆ ಹಿಂದಕ್ಕೆ ಬಂದ ಕಡತಗಳು ವರ್ಷವಾದ ಮೇಲೆ ಎದ್ದು ನಿಲ್ಲುವುದು ಅಪರೂಪ. ಎಸ್‌ಎಂಇ ಕಂಪನಿಯಾದರೆ ಇನ್ನೂ ಹುಷಾರು: ನಿರೀಕ್ಷಿತ ನಷ್ಟಕ್ಕೆ ಮುಂಚೆಯೇ ಹಣ ತೆಗೆದಿಡಬೇಕೆಂಬ ಇಂಡ್ ಎಎಸ್ ಕಟ್ಟಳೆ ಅವರಿಗಿಲ್ಲ, ಎಷ್ಟು ತೆಗೆದಿಡುವುದು ಎಂಬುದು ಬಹುಮಟ್ಟಿಗೆ ಆಡಳಿತದ ಮನಸ್ಸು.

ಇದರ ಪಕ್ಕದಲ್ಲೇ ‘ಅನ್‌ಬಿಲ್ಡ್ ರೆವೆನ್ಯೂ’ ಎಂಬ ಚಿಕ್ಕ ಸಾಲು ಇರಬಹುದು. ಮಾರ್ಚ್ 31ರ ರಾತ್ರಿ ಇನ್ನೂ ಹಾಸಿಗೆಯಲ್ಲಿರುವ, ಬಿಲ್ ಆಗದ ರೋಗಿಗಳ ಲೆಕ್ಕ ಅದು. ಎಷ್ಟಿರಬೇಕೆಂದು ನೀವೇ ಅಂದಾಜು ಹಾಕಬಹುದು. ಸರಾಸರಿ ನಾಲ್ಕು ದಿನ ಇರುವ ಆಸ್ಪತ್ರೆಯಲ್ಲಿ ಯಾವುದೇ ಒಂದು ರಾತ್ರಿ ಮಲಗಿರುವವರು ಸರಾಸರಿ ಎರಡು ದಿನ ಕಳೆದಿರುತ್ತಾರೆ. 90 ರೋಗಿ, 20,000 ರೂಪಾಯಿ, ಎರಡು ದಿನ: 36 ಲಕ್ಷ. ಅರ್ಧ ಕೋಟಿ ಇದ್ದರೆ ಆಶ್ಚರ್ಯವಿಲ್ಲ. ಐದು ಕೋಟಿ ಇದ್ದರೆ ಅದು ರೋಗಿಗಳ ಲೆಕ್ಕ ಅಲ್ಲ, ವರ್ಷದ ಕೊನೆಗೆ ಆದಾಯ ಉಬ್ಬಿಸಲು ಹಾಕಿದ ಗಾಳಿ ಇರಬಹುದು.

ಈಗ ನಗದು ಹರಿವಿನ ಪಟ್ಟಿ. ನಮ್ಮ ಮಾದರಿಯ ಎಬಿಟ್ಡಾ 12 ಕೋಟಿ. ಬಾಕಿ ಬೆಳೆದದ್ದು 9, ದಾಸ್ತಾನು ಬೆಳೆದದ್ದು ಅರ್ಧ, ತೆರಿಗೆ ಕಟ್ಟಿದ್ದು 1. ಪೂರೈಕೆದಾರರಿಗೆ ಕೊಡದೆ ಹಿಡಿದಿಟ್ಟದ್ದು ಒಂದೂವರೆ. ಕೂಡಿ ಕಳೆದರೆ ವ್ಯವಹಾರದಿಂದ ಬಂದ ನಗದು 3 ಕೋಟಿ. ಎಬಿಟ್ಡಾದ ಕಾಲು ಭಾಗ. ಒಂದು ವರ್ಷ ಹೀಗಾದರೆ ಗಾಬರಿ ಬೇಡ, ಹೊಸ ವಿಭಾಗ ತೆರೆದ ವರ್ಷ ಹೀಗಾಗುವುದುಂಟು. ಐದು ವರ್ಷದ ನಗದು ಕೂಡಿಸಿ, ಐದು ವರ್ಷದ ಎಬಿಟ್ಡಾದಿಂದ ಭಾಗಿಸಿ. ಶೇ 70 ದಾಟಿದರೆ ನಾವು ಮುಂದೆ ಓದುತ್ತೇವೆ, 50ರ ಕೆಳಗಿದ್ದರೆ ವರದಿ ಮುಚ್ಚಿಡುತ್ತೇವೆ. ಇದು ಪುಸ್ತಕದ ನಿಯಮವಲ್ಲ, ಕೈ ರೂಢಿ.

ಒಂದು ಬಲೆ: ಭಾರತದ ಪದ್ಧತಿಯಲ್ಲಿ ಕಟ್ಟಿದ ಬಡ್ಡಿ ವ್ಯವಹಾರದ ನಗದಿನಲ್ಲಿ ಕಳೆದಿರುವುದಿಲ್ಲ, ಕೆಳಗೆ ಹಣಕಾಸು ಚಟುವಟಿಕೆಯಲ್ಲಿ ಕೂತಿರುತ್ತದೆ. ಮುಖ್ಯ ವೇದಿಕೆಯ ಕಂಪನಿಯಲ್ಲಿ ಬಾಡಿಗೆ ಕಂತು ಕೂಡ ಅಲ್ಲೇ. ಆದ್ದರಿಂದ 3 ಕೋಟಿಯಲ್ಲಿ ಬಡ್ಡಿ 3 ಕೋಟಿ ನೀವೇ ಕಳೆಯಿರಿ: ಸೊನ್ನೆ. ಆ ವರ್ಷ ಹೊಸ ಯಂತ್ರಗಳಿಗೆ ಹಾಕಿದ 8 ಕೋಟಿ ಪೂರ್ತಿ ಸಾಲದಿಂದಲೋ ಹೊಸ ಷೇರಿನಿಂದಲೋ ಬಂದಿದೆ. 3.4 ಕೋಟಿ ನಿವ್ವಳ ಲಾಭ ಎಂದು ತಲೆಬರಹ ಹಾಕಿದ ವರ್ಷದ ಒಳಗಣ ಕಥೆ ಇದು.

ಜೂನ್ ಮತ್ತು ಡಿಸೆಂಬರ್ ಫಲಿತಾಂಶದಲ್ಲಿ ಬ್ಯಾಲೆನ್ಸ್ ಶೀಟ್ ಕೊಡುವುದು ಕಡ್ಡಾಯವಲ್ಲ. ಸೆಪ್ಟೆಂಬರ್ ಮತ್ತು ಮಾರ್ಚ್‌ನವು ಬಂದಾಗಲೇ ಈ ಲೆಕ್ಕ ಸಾಧ್ಯ.

ಹಂತ 4: ಸಾಲ, ಬಡ್ಡಿ, ಮತ್ತು ಕೈಯಲ್ಲಿದೆ ಎನ್ನುವ ಹಣ

ಮಾದರಿ ಕಂಪನಿಗೆ 30 ಕೋಟಿ ಸಾಲ, ವರ್ಷಕ್ಕೆ 5 ಕೋಟಿ ಅಸಲು, 3 ಕೋಟಿ ಬಡ್ಡಿ. ಸಾಲ ಎಬಿಟ್ಡಾದ ಎರಡೂವರೆ ಪಟ್ಟು. ಸವಕಳಿ ನಾಲ್ಕೂವರೆ ಕೋಟಿ ಕಳೆದ ಮೇಲಿನ ಏಳೂವರೆ ಕೋಟಿಯೂ ಬಡ್ಡಿಯ ಎರಡೂವರೆ ಪಟ್ಟು. ಎರಡೂ ಅನುಪಾತ ನೋಡಲು ಪರವಾಗಿಲ್ಲ. ಆದರೆ ಕಟ್ಟಬೇಕಾದದ್ದು 8, ಬಂದದ್ದು 3. ಬ್ಯಾಂಕು ನೋಡುವುದು ಇದನ್ನೇ, ನೀವೂ ಇದನ್ನೇ ನೋಡಿ.

ಬಡ್ಡಿಯನ್ನು ಸರಾಸರಿ ಸಾಲದಿಂದ ಭಾಗಿಸಿ. 30ಕ್ಕೆ 3 ಎಂದರೆ ಶೇ 10, ಸರಿಯಾಗಿದೆ. ಬ್ಯಾಲೆನ್ಸ್ ಶೀಟು 18 ಕೋಟಿ ಸಾಲ ಎಂದು, ಬಡ್ಡಿ 3 ಕೋಟಿ ಎಂದಿದ್ದರೆ ಶೇ 16ರ ಮೇಲಾಯಿತು. ಒಂದೋ ದುಬಾರಿ ಸಾಲ, ಇಲ್ಲವೇ ವರ್ಷವಿಡೀ ಸಾಲ ಹೆಚ್ಚಿದ್ದು ಮಾರ್ಚ್ 31ಕ್ಕೆ ಮಾತ್ರ ಇಳಿಸಿ ತೋರಿಸಿದ್ದಾರೆ. ಇದೇ ರೀತಿ ಬಡ್ಡಿ ಆದಾಯವನ್ನು ಕೈಯಲ್ಲಿರುವ ನಗದಿನಿಂದ ಭಾಗಿಸಿ. 15 ಕೋಟಿ ಬ್ಯಾಂಕಿನಲ್ಲಿದೆ ಎನ್ನುವ ಕಂಪನಿಗೆ ಬಂದ ಬಡ್ಡಿ 12 ಲಕ್ಷವಾದರೆ ಶೇ 1 ಕೂಡ ಇಲ್ಲ. ಆ ಹಣ ನಿಜವಾಗಿ ಎಷ್ಟು ದಿನ ಅಲ್ಲಿತ್ತು?

ನಮ್ಮ ಕರಾವಳಿಯವರಿಗೆ ಈ ಪಾಠ ಹೊಸದಲ್ಲ. ಉಡುಪಿ ಮೂಲದ ಬಿ.ಆರ್. ಶೆಟ್ಟಿ ಸ್ಥಾಪಿಸಿದ ಅಬುಧಾಬಿಯ ಎನ್‌ಎಂಸಿ ಹೆಲ್ತ್ ಸಣ್ಣ ಕಂಪನಿಯಾಗಿರಲಿಲ್ಲ, ಲಂಡನ್ ಪೇಟೆಯ ಎಫ್‌ಟಿಎಸ್‌ಇ 100 ಪಟ್ಟಿಯಲ್ಲಿತ್ತು. 2019ರ ಡಿಸೆಂಬರ್‌ನಲ್ಲಿ ಮಡ್ಡಿ ವಾಟರ್ಸ್ ಎಂಬ ಅಮೆರಿಕದ ಸಂಸ್ಥೆ ಅದರ ನಗದು ಮತ್ತು ಸಾಲದ ಲೆಕ್ಕವನ್ನೇ ಪ್ರಶ್ನಿಸಿತು. ಸುಮಾರು 210 ಕೋಟಿ ಡಾಲರ್ ಎಂದು ತೋರಿಸಿದ್ದ ಸಾಲ 2020ರ ಮಾರ್ಚ್ ಹೊತ್ತಿಗೆ ಸುಮಾರು 660 ಕೋಟಿ ಡಾಲರ್ ಎಂದು ಕಂಪನಿಯೇ ಹೇಳಬೇಕಾಯಿತು; ಏಪ್ರಿಲ್‌ನಲ್ಲಿ ಅದು ನ್ಯಾಯಾಲಯ ನೇಮಿಸಿದ ಆಡಳಿತಗಾರರ ಕೈಸೇರಿತು. ಕೈತುಂಬ ನಗದು ಇದೆ ಎನ್ನುತ್ತಲೇ ಮತ್ತೆ ಮತ್ತೆ ಸಾಲ ಎತ್ತುವ ಕಂಪನಿ ಕಂಡರೆ ಇದನ್ನು ನೆನಪಿಸಿಕೊಳ್ಳಿ.

ಹಂತ 5: ಮನೆಯವರ ವ್ಯವಹಾರ, ಆಡಿಟರ್ ಮಾತು

ಫಾರ್ಮಸಿ ಬಿಲ್ಲಿನ ತಲೆಬರಹ ಓದಿ ಎಂದೆವಲ್ಲ. ಆಸ್ಪತ್ರೆಯ ಕಟ್ಟಡದೊಳಗಿನ ಔಷಧಿ ಅಂಗಡಿ, ಲ್ಯಾಬ್, ಸ್ಕ್ಯಾನಿಂಗ್ ಕೇಂದ್ರ ಪ್ರವರ್ತಕರ (ಕಂಪನಿ ಕಟ್ಟಿ ಹಿಡಿತ ಇಟ್ಟುಕೊಂಡವರ) ಮನೆಯವರ ಬೇರೆ ಸಂಸ್ಥೆಯಲ್ಲಿದ್ದರೆ, ರೋಗಿ ನಿಮ್ಮ ಕಂಪನಿಯವರು, ಲಾಭ ಮಾತ್ರ ಅವರದು. ಕಟ್ಟಡವೂ ಹಾಗೇ: ಜಾಗ ಕುಟುಂಬದ ಹೆಸರಲ್ಲಿ, ಬಾಡಿಗೆ ಕಂಪನಿಯ ತಲೆಯ ಮೇಲೆ. ‘ರಿಲೇಟೆಡ್ ಪಾರ್ಟಿ’ ಟಿಪ್ಪಣಿಯಲ್ಲಿ ಇವೆಲ್ಲ ಸಾಲುಸಾಲಾಗಿ ಇರುತ್ತವೆ. ಬಾಡಿಗೆ ತಪ್ಪಲ್ಲ, ಆದಾಯಕ್ಕಿಂತ ವೇಗವಾಗಿ ಬಾಡಿಗೆ ಏರುತ್ತಿದ್ದರೆ ತಪ್ಪು. ವಾರ್ಷಿಕ ವಹಿವಾಟಿನ ಶೇ 10 ಮೀರುವ ಇಂಥ ವ್ಯವಹಾರಕ್ಕೆ ಷೇರುದಾರರ ಒಪ್ಪಿಗೆ ಬೇಕು, ಸಂಬಂಧಪಟ್ಟವರು ಅದರ ಪರ ಮತ ಹಾಕುವಂತಿಲ್ಲ. ಶೇ 9.5ಕ್ಕೆ ಬಂದು ನಿಲ್ಲುವ ಗುತ್ತಿಗೆಗಳನ್ನು ನೋಡಿದರೆ ನಗು ಬರುತ್ತದೆ, ಆಮೇಲೆ ಭಯವೂ.

ಇದಕ್ಕಿಂತ ಕೆಟ್ಟದ್ದು ಕಂಪನಿಯಿಂದ ಪ್ರವರ್ತಕರ ಸಂಸ್ಥೆಗಳಿಗೆ ಹೋಗುವ ಅಲ್ಪಾವಧಿ ಸಾಲ, ‘ಇಂಟರ್ ಕಾರ್ಪೊರೇಟ್ ಡಿಪಾಸಿಟ್’. 2018ರ ಅಕ್ಟೋಬರ್‌ನಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ಫೋರ್ಟಿಸ್ ಹೆಲ್ತ್‌ಕೇರ್‌ಗೆ, ಹಿಂದಿನ ಪ್ರವರ್ತಕರು ಮತ್ತಿತರರಿಂದ 403 ಕೋಟಿ ರೂಪಾಯಿಯನ್ನು ಬಡ್ಡಿ ಸಮೇತ ವಸೂಲಿ ಮಾಡಲು ಆದೇಶಿಸಿದ್ದು ಇಂಥ ಠೇವಣಿಗಳ ಮೂಲಕ ಹೊರಹೋದ ಹಣದ ವಿಷಯದಲ್ಲೇ.

ಆಡಿಟರ್ ವರದಿಯನ್ನು ಓದುವಾಗ ಕ್ರೋಡೀಕೃತ (ಅಂಗಸಂಸ್ಥೆಗಳನ್ನೂ ಸೇರಿಸಿದ) ಲೆಕ್ಕದ್ದಲ್ಲ, ಕಂಪನಿಯ ಬಿಡಿ ಲೆಕ್ಕದ್ದು ತೆರೆಯಿರಿ. ಅದರ ಹಿಂದೆ ‘ಕಾರೊ 2020’ ಎಂಬ ಅನುಬಂಧ ಇರುತ್ತದೆ. ಇಪ್ಪತ್ತೊಂದು ಕಲಂಗಳಲ್ಲಿ ಇವನ್ನು ಬಿಡಬೇಡಿ: ಎರಡನೆಯದು, ಬ್ಯಾಂಕಿನಿಂದ 5 ಕೋಟಿಗಿಂತ ಹೆಚ್ಚಿನ ದುಡಿಯುವ ಬಂಡವಾಳ ಮಿತಿ ಇದ್ದರೆ ಬ್ಯಾಂಕಿಗೆ ಕೊಟ್ಟ ತ್ರೈಮಾಸಿಕ ಲೆಕ್ಕವೂ ಪುಸ್ತಕದ ಲೆಕ್ಕವೂ ಒಂದೇ ಇವೆಯೆ, ಏಳನೆಯದು, ಪಿಎಫ್, ಟಿಡಿಎಸ್ ಕಟ್ಟಲು ತಡವಾಗಿದೆಯೆ, ಒಂಬತ್ತನೆಯದು, ಸಾಲದ ಕಂತು ತಪ್ಪಿದೆಯೆ, ಹದಿನೆಂಟನೆಯದು, ಆಡಿಟರ್ ನಡುವೆ ರಾಜೀನಾಮೆ ಕೊಟ್ಟಿದ್ದಾರೆಯೆ. ತನಗೆ ಬರಬೇಕಾದ ಬಾಕಿ 25 ಕೋಟಿ ಎಂದು ಬ್ಯಾಂಕಿಗೆ ಬರೆದುಕೊಟ್ಟು ಪುಸ್ತಕದಲ್ಲಿ 21 ಕೋಟಿ ಇಟ್ಟ ಕಂಪನಿ ಅದೇ ಪುಟದಲ್ಲಿ ಸಿಕ್ಕಿಬೀಳುತ್ತದೆ. ಪಿಎಫ್ ತಡವಾಗಿದ್ದರೆ ಸಂಬಳವೂ ತಡವಾಗಿರುತ್ತದೆ. ಸಂಬಳ ತಡವಾದ ಆಸ್ಪತ್ರೆಯಿಂದ ಮೊದಲು ಹೋಗುವವರು ಐಸಿಯು ನರ್ಸ್‌ಗಳು.

ವೈದ್ಯರ ಶುಲ್ಕ ಸಿಬ್ಬಂದಿ ವೆಚ್ಚದಲ್ಲಿ ಸಿಗುವುದಿಲ್ಲ, ‘ವೃತ್ತಿಪರ ಶುಲ್ಕ’ದಲ್ಲಿ ಇರುತ್ತದೆ. ಸಣ್ಣ ಆಸ್ಪತ್ರೆಯಲ್ಲಿ ಒಬ್ಬ ಹೃದ್ರೋಗ ತಜ್ಞರ ಹೆಸರಿನ ಮೇಲೆ ಮೂರನೇ ಒಂದು ಪಾಲು ಆದಾಯ ನಿಂತಿರಬಹುದು. ಪ್ರಾಸ್ಪೆಕ್ಟಸ್‌ನ ಅಪಾಯಗಳ ಅಧ್ಯಾಯದಲ್ಲಿ ವಿಭಾಗವಾರು ಆದಾಯ ಹುಡುಕಿ.

ಆಸ್ಪತ್ರೆಯಲ್ಲ, ಲ್ಯಾಬ್ ಅಥವಾ ಔಷಧ ಕಂಪನಿಯಾದರೆ

ಲ್ಯಾಬಿನಲ್ಲಿ ಹಾಸಿಗೆಯ ಜಾಗಕ್ಕೆ ರೋಗಿ ಬರುತ್ತಾನೆ: ಒಬ್ಬ ರೋಗಿಗೆ ಎಷ್ಟು ಆದಾಯ, ಎಷ್ಟು ಪರೀಕ್ಷೆ. ಬೇರೆ ಆಸ್ಪತ್ರೆ, ಕ್ಲಿನಿಕ್ಕುಗಳಿಂದ ಪರೀಕ್ಷೆಗೆ ಬರುವ ಸ್ಯಾಂಪಲ್‌ಗಳ ಪಾಲು ಹೆಚ್ಚಿದ್ದಷ್ಟೂ ದರ ಕಡಿಮೆ, ಬಾಕಿ ಹೆಚ್ಚು. ಸರ್ಕಾರಿ ಆಸ್ಪತ್ರೆಯ ಲ್ಯಾಬ್ ಟೆಂಡರ್ ಹಿಡಿದ ಕಂಪನಿಗೆ ಮೇಲಿನ ಮೂರನೇ ಹಂತವನ್ನು ಎರಡು ಸಲ ಮಾಡಿ.

ಸಣ್ಣ ಔಷಧ ಕಂಪನಿಯಲ್ಲಿ ಬಾಕಿಯಷ್ಟೇ ದಾಸ್ತಾನನ್ನೂ ನೋಡಬೇಕು. ಮಾರ್ಚ್ ತಿಂಗಳಲ್ಲಿ ಸ್ಟಾಕಿಸ್ಟರಿಗೆ ಸರಕು ತುಂಬಿ, ಜೂನ್‌ನಲ್ಲಿ ವಾಪಸ್ ತರಿಸಿಕೊಳ್ಳುವುದು ಹಳೆಯ ಆಟ. ಬೆಲೆ ಪೂರ್ತಿ ಅವರ ಕೈಯಲ್ಲಿಲ್ಲ: 2013ರ ಔಷಧ ಬೆಲೆ ನಿಯಂತ್ರಣ ಆದೇಶದಡಿ ಅಗತ್ಯ ಔಷಧಗಳಿಗೆ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಎನ್‌ಪಿಪಿಎ ಗರಿಷ್ಠ ದರ ಕಟ್ಟುತ್ತದೆ, ಉಳಿದವಕ್ಕೆ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ. (2017ರಲ್ಲಿ ಸ್ಟೆಂಟ್ ಮತ್ತು ಮಂಡಿ ಇಂಪ್ಲಾಂಟ್‌ಗೂ ದರಮಿತಿ ಬಂದಾಗ ಅದರ ಬಿಸಿ ಆಸ್ಪತ್ರೆಗಳಿಗೂ ತಟ್ಟಿತು.) ಔಷಧ ತಯಾರಿಕೆಯ ಗುಣಮಟ್ಟದ ನಿಯಮವಾದ ಪರಿಷ್ಕೃತ ‘ಶೆಡ್ಯೂಲ್ ಎಂ’ ಪಾಲಿಸಲು 250 ಕೋಟಿಯೊಳಗಿನ ವಹಿವಾಟಿನ ತಯಾರಕರಿಗೆ 2025ರ ಡಿಸೆಂಬರ್ 31ರವರೆಗೆ ಗಡುವು ವಿಸ್ತರಿಸಲಾಗಿತ್ತು. ಕಾರ್ಖಾನೆ ಆ ಮಟ್ಟಕ್ಕೆ ಬಂದಿದೆಯೆ, ಖರ್ಚು ಎಷ್ಟಾಯಿತು ಎಂಬುದು ಲೆಕ್ಕದಲ್ಲಿ ಕಾಣಬೇಕು. ಖರ್ಚೇ ಇಲ್ಲದೆ ‘ಎಲ್ಲ ಸರಿಯಿದೆ’ ಎಂದರೆ ಅನುಮಾನಿಸಿ. ಅಮೆರಿಕಕ್ಕೆ ಕಳಿಸುವವರಾದರೆ ಎಫ್‌ಡಿಎ ತಪಾಸಣೆಯ ಕೊನೆಗೆ ಬರುವ ಫಲಿತಾಂಶದಲ್ಲಿ ‘ಒಎಐ’ (ಗಂಭೀರ ಕೊರತೆ, ಕ್ರಮ ಬೇಕು) ಎಂದಿದೆಯೆ ನೋಡಿ. ‘ಫಾರ್ಮ್ 483’ (ತಪಾಸಕರು ಕಂಡ ಲೋಪಗಳ ಪಟ್ಟಿ) ಬಂತೆಂದರೆ ಅಷ್ಟಕ್ಕೇ ಮಾರಿ ಓಡಬೇಕಾಗಿಲ್ಲ.

ಹಂತ 6: ಬೆಲೆ

ಇಷ್ಟರಲ್ಲಿ ಕಂಪನಿ ಪಾಸಾದರೆ ಮಾತ್ರ ಬೆಲೆಯ ಪ್ರಶ್ನೆ. ಮಾದರಿ ಕಂಪನಿಯ 2 ಕೋಟಿ ಷೇರು, ತಲಾ 90 ರೂಪಾಯಿ: 180 ಕೋಟಿ. ಲಾಭ 3.4 ಕೋಟಿ, ಪಿಇ (ಬೆಲೆ ಲಾಭದ ಎಷ್ಟು ಪಟ್ಟು ಎಂಬುದು) 53. ಕೈಯಲ್ಲಿರುವ ನಗದು ಕಳೆದು ಉಳಿವ ನಿವ್ವಳ ಸಾಲ 28 ಕೋಟಿ ಕೂಡಿಸಿದರೆ ಇಡೀ ಉದ್ಯಮದ ಬೆಲೆ 208 ಕೋಟಿ. ಎಬಿಟ್ಡಾದ 17 ಪಟ್ಟು, ನಡೆಯುವ ಹಾಸಿಗೆಯೊಂದಕ್ಕೆ 1.39 ಕೋಟಿ. ಅದೇ ಊರಿನಲ್ಲಿ ಹೊಸದಾಗಿ ಒಂದು ಹಾಸಿಗೆ ಕಟ್ಟಲು ಎಷ್ಟಾಗುತ್ತದೆ ಎಂಬುದನ್ನು ಇದೇ ಕಂಪನಿಯ ವಿಸ್ತರಣೆ ಯೋಜನೆಯಿಂದಲೇ ತೆಗೆದು ಪಕ್ಕದಲ್ಲಿಡಿ.

ಈಗ ಲಾಭವನ್ನು ಮೂರನೇ ಹಂತದ ಕಣ್ಣಿನಿಂದ ತಿದ್ದಿ. 21 ಕೋಟಿ ಬಾಕಿಯಲ್ಲಿ 4 ಕೋಟಿ ವರ್ಷ ದಾಟಿದ್ದು, ಅದರ ಅರ್ಧ ಬರುವುದಿಲ್ಲ ಎಂದಿಟ್ಟುಕೊಳ್ಳಿ. ತೆರಿಗೆಗೆ ಮುಂಚಿನ ಲಾಭ 4.5ರಿಂದ 2.5ಕ್ಕೆ ಇಳಿದು, ತೆರಿಗೆ ಕಳೆದು ಉಳಿಯುವುದು ಸುಮಾರು 1.9 ಕೋಟಿ. ಪಿಇ 53 ಎಂದುಕೊಂಡು ಕೊಳ್ಳಲು ಹೊರಟ ಷೇರು ನಿಜದಲ್ಲಿ 95ರ ಆಸುಪಾಸಿನದು.

ಷೇರಿನ ಸಂಖ್ಯೆಯನ್ನೂ ತಿದ್ದಬೇಕು. ಪ್ರವರ್ತಕರಿಗೆ 30 ಲಕ್ಷ ವಾರಂಟ್ (ಗೊತ್ತಾದ ಬೆಲೆಗೆ ಮುಂದೆ ಷೇರು ಪಡೆಯುವ ಹಕ್ಕು) ಕೊಟ್ಟಿದ್ದರೆ ಷೇರುಗಳು 2.3 ಕೋಟಿ ಎಂದೇ ಎಣಿಸಿ. ವಾರಂಟಿಗೆ ಮೊದಲು ಶೇ 25 ಕಟ್ಟಿ, ಉಳಿದದ್ದಕ್ಕೆ 18 ತಿಂಗಳ ಕಾಲ ಇರುತ್ತದೆ. ಬೆಲೆ ಬಿದ್ದರೆ ಅವರು ಉಳಿದ ಹಣ ಕಟ್ಟದೆ ಕೈಬಿಡಬಹುದು. ಆ ಹಣ ನಂಬಿ ಶುರುವಾದ ಕಟ್ಟಡ ಅರ್ಧಕ್ಕೆ ನಿಲ್ಲುತ್ತದೆ. ಷೇರುದಾರರ ಪಟ್ಟಿಯಲ್ಲಿ ಪ್ರವರ್ತಕರು ಅಡವಿಟ್ಟ ಷೇರುಗಳ ಕಾಲಂ ಕೂಡ ಇಲ್ಲೇ ನೋಡಿ.

ಹಂತ 7: ಹೊರಬರುವ ಬಾಗಿಲು

ಒಳಗೆ ಹೋಗುವುದು ಸುಲಭ. ದಿನಕ್ಕೆ ಸರಾಸರಿ 10 ಲಕ್ಷ ರೂಪಾಯಿ ವಹಿವಾಟಾಗುವ ಷೇರಿನಲ್ಲಿ 5 ಲಕ್ಷ ಹಾಕಿದವರು ಅರ್ಧ ಪೇಟೆ ತಾವೇ ಆಗಿರುತ್ತಾರೆ. ಶೇ 5ರ ಸರ್ಕ್ಯೂಟ್ (ಒಂದು ದಿನದಲ್ಲಿ ಬೆಲೆ ಏರಿಳಿಯಬಹುದಾದ ಮಿತಿ) ಇದ್ದು ಸತತ ನಾಲ್ಕು ದಿನ ಕೆಳಗಿನ ಮಿತಿಗೆ ಅಂಟಿಕೊಂಡರೆ ಕೊಳ್ಳುವವರೇ ಇಲ್ಲದೆ 90ರ ಷೇರು 73ಕ್ಕೆ ಬರುತ್ತದೆ, ಸ್ಟಾಪ್‌ಲಾಸ್ (ಇಷ್ಟಕ್ಕಿಳಿದರೆ ಮಾರು ಎಂಬ ಮುಂಗಡ ಆದೇಶ) ಹಾಕಿದ್ದು ಲೆಕ್ಕಕ್ಕೇ ಬರುವುದಿಲ್ಲ. ಎಸ್‌ಎಂಇ ವೇದಿಕೆಯಲ್ಲಿ ಬಿಡಿ ಷೇರು ಮಾರುವಂತಿಲ್ಲ, ಲಾಟ್ (ಗೊತ್ತಾದ ಸಂಖ್ಯೆಯ ಷೇರುಗಳ ಕಟ್ಟು) ಲೆಕ್ಕದಲ್ಲೇ. ನಿಮ್ಮ ಹೂಡಿಕೆ ಒಂದು ದಿನದ ಸರಾಸರಿ ವಹಿವಾಟಿನ ಹತ್ತನೇ ಒಂದು ಪಾಲು ಮೀರದಿರಲಿ. ಷೇರು ವಿನಿಮಯ ಕೇಂದ್ರಗಳ ಎಎಸ್‌ಎಂ, ಜಿಎಸ್‌ಎಂ, ಇಎಸ್‌ಎಂ ನಿಗಾ ಪಟ್ಟಿಗಳಲ್ಲಿ ಹೆಸರಿದೆಯೆ ಎಂದು ಕೊಳ್ಳುವ ದಿನವೇ ನೋಡಿ.

ಕೊಂಡ ಮೇಲೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕಾದದ್ದು ಕೆಲವೇ ದಿನ. ಪ್ರತಿ ತ್ರೈಮಾಸಿಕ (ಎಸ್‌ಎಂಇಯಾದರೆ ಪ್ರತಿ ಆರು ತಿಂಗಳು) ಮುಗಿದ 21 ದಿನದೊಳಗೆ ಷೇರುದಾರರ ಪಟ್ಟಿ. ನವೆಂಬರ್ 14 ಮತ್ತು ಮೇ 30ರೊಳಗೆ ಬ್ಯಾಲೆನ್ಸ್ ಶೀಟ್ ಸಮೇತ ಫಲಿತಾಂಶ. ಆ ಎರಡು ದಿನ ಲಾಭದ ಸಾಲಿಗೆ ಹೋಗುವ ಮುಂಚೆ ಬಾಕಿಯ ಸಾಲು ತೆಗೆದು, 365ರಿಂದ ಗುಣಿಸಿ ಭಾಗಿಸಿ — ಸೆಪ್ಟೆಂಬರ್‌ದಾದರೆ ಆರು ತಿಂಗಳ ಆದಾಯ, 183 ದಿನ. 116 ಇದ್ದದ್ದು 100ರ ಕಡೆಗೆ ಬಂದರೆ ಇಟ್ಟುಕೊಳ್ಳಿ. 130 ಆಗಿದ್ದು, ಅದೇ ವಾರ ಹೊಸ ಊರಿನಲ್ಲಿ ಹೊಸ ಆಸ್ಪತ್ರೆಯ ಘೋಷಣೆಯೂ ಬಂದರೆ, ಸರ್ಕ್ಯೂಟ್ ಮೇಲ್ಮುಖವಾಗಿರುವಾಗಲೇ ಮಾರಿಬಿಡಿ.